ಎರಡು ಬೆರಳು ಸಡಿಲ

ಗಾಡಿ ಬಿದ್ದದ್ದು ಜೋರಾಗಿ ಅಲ್ಲ. ಹೊರಡುವಾಗ ಒಮ್ಮೆ ಜಿಗಿದು ಆಫ್ ಆಯಿತು, ಆಮೇಲೆ ನಿದ್ದೆ ಬಂದ ಎಮ್ಮೆಯ ಹಾಗೆ ಮೆಲ್ಲಗೆ ಒಂದು ಕಡೆಗೆ ವಾಲಿತು. ಅಮ್ಮ ಕಾಲಿನ ತುದಿಬೆರಳು ಊರಿ ಅದನ್ನು ತಡೆಯಲು ನೋಡಿದಳು. ಆಗಲಿಲ್ಲ. ಧೊಪ್!

ಅದೂ ಎಲ್ಲಿ? ಸ್ಕೂಲ್ ಗೇಟಿನ ಮುಂದೆ. ಬೆಲ್ಲಿಗೆ ಐದು ನಿಮಿಷ ಇರುವಾಗ, ಇಡೀ ಸ್ಕೂಲು ಅಲ್ಲೇ ನೆರೆದಿರುವಾಗ.

ಬಿಗಿಯಮ್ಮ ಆಗ ತಾನೇ ಹಿಂದಿನ ಸೀಟಿನಿಂದ ಇಳಿದು ಅಮ್ಮನಿಗೆ ಟಾಟಾ ಮಾಡುತ್ತಿದ್ದಳು. ಎತ್ತಿದ ಕೈ ಎತ್ತಿದ ಹಾಗೇ ನಿಂತುಹೋಯಿತು.

ವಾಚ್‌ಮನ್ ಓಡಿಬಂದು ಗಾಡಿ ಎತ್ತಿದರು. ಅಮ್ಮ ಎದ್ದಳು. ಹೆಲ್ಮೆಟ್ ಜಾರಿ ಮೂಗಿನ ಮೇಲೆ ಕೂತಿತ್ತು. ಮೊಣಕೈ ತರಚಿತ್ತು.

"ಏನಿಲ್ಲ, ಏನಿಲ್ಲ. ನೀನು ಒಳಗೆ ಹೋಗು ಪುಟ್ಟಾ," ಅಂದಳು ಅಮ್ಮ, ಹೆಲ್ಮೆಟ್ಟಿನ ಒಳಗಿಂದ.

"ಏಯ್, ಧೊಪ್ ಆಂಟಿ!" ಯಾರೋ ಕೂಗಿದರು. ಕೂಗಿದ್ದು ಇವಳ ಕ್ಲಾಸಿನ ಬಡಬಡಿ. ಅವನ ಬಾಯಿಗೆ ಬ್ರೇಕೇ ಇಲ್ಲ. ಎಲ್ಲರೂ ಕಿಸಕ್ಕನೆ ನಕ್ಕರು.

ಬಿಗಿಯಮ್ಮ ತಲೆ ತಗ್ಗಿಸಿ ಒಳಗೆ ಓಡಿದಳು. ಹಿಂದೆ ತಿರುಗಿ ನೋಡಲಿಲ್ಲ.

ಬಿಗಿಯಮ್ಮ ಎಂಬುದು ಹಾಜರಿ ಪುಸ್ತಕದ ಹೆಸರಲ್ಲ. ದೊಡ್ಡಮ್ಮ ಇಟ್ಟದ್ದು. ಮನೆಯಲ್ಲಿ ಕುಕ್ಕರಿನ ಹಿಡಿ ಅಲ್ಲಾಡಲಿ, ಬಾಗಿಲ ಚಿಲಕ ಲೊಡಲೊಡ ಅನ್ನಲಿ, ಸ್ಕ್ರೂಡ್ರೈವರ್ ಹಿಡಿದು ಹಾಜರಾಗುವವಳು ಇವಳೇ. ಸಡಿಲ ಇದ್ದದ್ದನ್ನು ಕಂಡರೆ ಇವಳ ಕೈ ತುರಿಸುತ್ತದೆ. ಬಿಗಿ ಮಾಡುವ ತನಕ ಸಮಾಧಾನ ಇಲ್ಲ.

ಮೊದಲ ಪೀರಿಯಡ್ ಗಣಿತ. ಟೀಚರ್ ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದರು. ಬಿಗಿಯಮ್ಮನ ಕಣ್ಣ ಮುಂದೆ ಭಾಗಾಕಾರ ಇರಲಿಲ್ಲ, ನಿನ್ನೆ ಸಂಜೆ ಇತ್ತು.

ನಿನ್ನೆ ಸಂಜೆ ಅವಳು ನಿಂತ ಗಾಡಿಯ ಮೇಲೆ ಕೂತು ಆಡುತ್ತಿದ್ದಳು. ಎಡಗೈ ಕಡೆಯ ಕ್ಲಚ್ ಲಿವರ್ ಮುಟ್ಟಿದಳು. ಅದರ ತುದಿ ಸ್ವಲ್ಪ ಆಚೆ ಈಚೆ ಆಡಿತು. ಅರೆ, ಲೂಸ್! ಲಿವರಿನ ಬುಡದಲ್ಲಿ, ಕೇಬಲ್ ಒಳಗೆ ಹೋಗುವ ಜಾಗದಲ್ಲಿ, ಒಂದು ಪುಟ್ಟ ತಿರುಗಣೆ ಇತ್ತು. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ. ತಿರುಗಿಸಿದಳು, ತಿರುಗಿಸಿದಳು, ಲಿವರ್ ಅಲ್ಲಾಡದೆ ಗಟ್ಟಿಯಾಗಿ ನಿಲ್ಲುವ ತನಕ. ಅಮ್ಮನಿಗೆ ಸರ್‌ಪ್ರೈಸ್ ಇರಲಿ ಎಂದು ಹೇಳಲೂ ಇಲ್ಲ.

ಬೆಳಿಗ್ಗೆ ಮನೆ ಮುಂದೆ ಹೊರಡುವಾಗಲೇ ಗಾಡಿ ಒಂದು ಸಲ ಮುಗ್ಗರಿಸಿತ್ತು. ಗೇಟಿನ ಮುಂದೆ ಬಿದ್ದೇಬಿಟ್ಟಿತು.

ಬಿಗಿಯಮ್ಮ ತನ್ನ ಬೆರಳುಗಳನ್ನು ಮಡಚಿ ಡೆಸ್ಕಿನ ಕೆಳಗೆ ಬಚ್ಚಿಟ್ಟಳು.

ಸಂಜೆ ಮನೆಗೆ ಬಂದಾಗ ಅಮ್ಮ ಗಾಡಿಯ ಕೀಯನ್ನು ಕಪಾಟಿನ ಮೇಲೆ, ಕೈಗೆ ಎಟುಕದಷ್ಟು ಮೇಲೆ, ಇಡುತ್ತಿದ್ದಳು. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು.

"ಆಗಲ್ಲ ಅಕ್ಕ. ಈ ಗಾಡಿ ನನ್ನ ಕೈಗೆ ಬರಲ್ಲ. ಸೋಮವಾರ ಆಸ್ಪತ್ರೆ ಹೆಡ್ ಸಿಸ್ಟರ್‌ಗೆ ಹೇಳಿಬಿಡ್ತೀನಿ, ನೈಟ್ ಡ್ಯೂಟಿನೇ ಕೊಡಿ ಅಂತ."

ಬಿಗಿಯಮ್ಮ ಬಾಗಿಲಲ್ಲೇ ನಿಂತಳು.

ಅಮ್ಮ ನರ್ಸ್. ಇಷ್ಟು ದಿನ ರಾತ್ರಿ ಡ್ಯೂಟಿ ಇತ್ತು. ಅಮ್ಮ ಮನೆಗೆ ಬರುವ ಹೊತ್ತಿಗೆ ಬಿಗಿಯಮ್ಮ ಸ್ಕೂಲಿಗೆ ಹೊರಟಿರುತ್ತಿದ್ದಳು. ಮಲಗುವುದು ದೊಡ್ಡಮ್ಮನ ಮನೆಯಲ್ಲಿ. ಈಗ ಆಸ್ಪತ್ರೆಯವರು ಹಗಲಿನ ಕೆಲಸ ಕೊಟ್ಟಿದ್ದರು: ಗುಡ್ಡದ ಮೇಲಿನ ಮನೆಗಳಿಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವುದು. ಅಲ್ಲಿಗೆ ಬಸ್ಸಿಲ್ಲ. ಗಾಡಿ ಓಡಿಸಲು ಬಂದರೆ ಮಾತ್ರ ಆ ಕೆಲಸ. ಅದಕ್ಕೇ ಪಕ್ಕದ ಮನೆಯವರ ಹಳೇ ಮೋಟಾರ್ ಸೈಕಲ್ ಕೊಂಡು, ಒಂದು ತಿಂಗಳಿಂದ ಅಮ್ಮ ಕಲಿಯುತ್ತಿದ್ದಳು.

ಹೇಳಿಬಿಡಬೇಕು ಎಂದು ಬಿಗಿಯಮ್ಮ ಬಾಯಿ ತೆರೆದಳು.

"ಅಮ್ಮಾ..."

"ಏನು ಪುಟ್ಟಾ?"

"ಹಸಿವು."

ಬುಧವಾರವೂ ಹೇಳಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಬಡಬಡಿ, "ನಿಮ್ಮಮ್ಮ ಇವತ್ತೂ ನಡ್ಕೊಂಡೇ ಬಂದ್ರಾ?" ಎಂದು ಕೇಳಿದ. ಅವನಿಗೆ ಒಂದು ಗುದ್ದು ಕೊಟ್ಟಳು. ಡಬ್ಬಿಯ ಊಟ ಅವತ್ತೂ ಅರ್ಧ ಹಾಗೇ ಉಳಿಯಿತು.

ಶನಿವಾರ ಮಧ್ಯಾಹ್ನ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ಮಾತಾಡಿದರೆ ಸ್ಪೀಕರ್ ಹಾಕುವುದೇ ಬೇಡ.

"ಕೆಲಸ ಬಿಡೋದು ಆಮೇಲೆ ಬಿಡುವೆಯಂತೆ. ಮೊದಲು ಗಾಡಿ ತಗೊಂಡು ಬಾ! ಓಡಿಸಕ್ಕೆ ಭಯ ಆದ್ರೆ ತಳ್ಕೊಂಡು ಬಾ!"

ದೊಡ್ಡಮ್ಮನದು ಗ್ಯಾರೇಜು. ಬೀದಿಯ ಕೊನೆಯಲ್ಲಿ, ಖಾಲಿ ಮೈದಾನದ ಪಕ್ಕ. ಅಮ್ಮ ಹ್ಯಾಂಡಲ್ ಹಿಡಿದು ಎಳೆದಳು, ಬಿಗಿಯಮ್ಮ ಹಿಂದಿನಿಂದ ತಳ್ಳಿದಳು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಬೆರಳುಗಳು ಆಯಿಲ್ ಕುಡಿದು ಕಪ್ಪಾಗಿದ್ದವು.

"ಹೆಲ್ಮೆಟ್ ಹಾಕು," ಅಂದಳು.

ಅಮ್ಮ ಹಾಕಿದಳು. ದೊಡ್ಡಮ್ಮ ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು ತಿರುಗಿಸಿದಳು. ಹೆಲ್ಮೆಟ್ ತಿರುಗಿತು, ಅಮ್ಮನ ತಲೆ ತಿರುಗಲಿಲ್ಲ.

"ಇದೇನೇ? ಕೊಡ ಕವುಚಿಕೊಂಡಿದ್ದೀಯಾ?"

"ತುರುಬು ಹಿಡೀಲಿ ಅಂತ ಒಂದು ಸೈಜ್ ದೊಡ್ಡದು ತಗೊಂಡೆ ಅಕ್ಕ."

"ಬೆಳೆಯೋ ಮಕ್ಕಳಿಗೆ ಯೂನಿಫಾರ್ಮ್ ಹೊಲಿಸಿದ ಹಾಗೆ! ನಿನ್ನ ತಲೆ ಇನ್ನೂ ಬೆಳೆಯುತ್ತಾ? ತುರುಬು ಬಿಚ್ಚು, ಜಡೆ ಹಾಕು. ಹೆಲ್ಮೆಟ್ ಕೆನ್ನೆ ಒತ್ತಬೇಕು. ತಲೆ ಅಲ್ಲಾಡಿಸಿದರೆ ಅದೂ ಜೊತೇಲೇ ಅಲ್ಲಾಡಬೇಕು. ಇದನ್ನ ವಾಪಸ್ ಕೊಡು. ನಾಳೆ ನಾನೇ ಬಂದು ಆರಿಸಿಕೊಡ್ತೀನಿ, ಅಲ್ಲೀತನಕ ನನ್ನದು ಹಾಕ್ಕೋ."

ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. "ಚಪ್ಪಲಿ! ಚಪ್ಪಲಿ ಹಾಕ್ಕೊಂಡು ಗಾಡಿ ಕಲೀತಾಳಂತೆ! ಹಿಮ್ಮಡಿ ಮುಚ್ಚೋ ಶೂ ಇಲ್ವಾ? ಸೋಲ್ ದಪ್ಪ ಇರೋದು ಹಾಕು. ನಿಲ್ಲಿಸುವಾಗ ಎರಡೂ ಕಾಲು ಚಾಚಬೇಡ, ನಿನಗೆ ತುದಿ ಮಾತ್ರ ಎಟುಕೋದು. ಸೀಟಲ್ಲಿ ಒಂಚೂರು ಎಡಕ್ಕೆ ಜರುಗು, ಎಡಗಾಲು ಪೂರ್ತಿ ಊರು. ಒಂದೇ ಕಾಲು ಸಾಕು."

ಬಿಗಿಯಮ್ಮ ಅಷ್ಟರಲ್ಲಿ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಚೈನನ್ನು ಬೆರಳಿನಿಂದ ಎತ್ತಿ ನೋಡಿದಳು. ಅದು ಮೇಲೆ ಕೆಳಗೆ ಆಡಿತು.

"ದೊಡ್ಡಮ್ಮಾ, ಚೈನೂ ಲೂಸ್!"

"ಲೂಸ್ ಅಲ್ಲ ಕಣೇ, ಹಾಗೇ ಇರಬೇಕು. ಎರಡು ಬೆರಳು." ದೊಡ್ಡಮ್ಮ ಚೈನಿನ ಪಕ್ಕ ತನ್ನ ಕಪ್ಪು ಬೆರಳುಗಳನ್ನು ಜೋಡಿಸಿ ತೋರಿಸಿದಳು. "ಗುಂಡಿ ಬಂದಾಗ ಹಿಂದಿನ ಚಕ್ರ ಕುಣಿಯುತ್ತಲ್ಲ? ಬಿಗಿ ಮಾಡಿಟ್ಟರೆ ಕುಣಿಯೋಕೆ ಜಾಗ ಎಲ್ಲಿ? ಚೈನು ಪಟ್ ಅನ್ನುತ್ತೆ. ಇದಕ್ಕೆ ಎಣ್ಣೆ ಇಲ್ಲ ಅಷ್ಟೇ, ಒಣಗಿ ಹೋಗಿದೆ."

ಬಿಗಿಯಮ್ಮನ ಬೆರಳು ಚೈನಿನ ಮೇಲೇ ನಿಂತಿತು. ಸಡಿಲ ಇರಲೇಬೇಕಾದ ವಸ್ತುಗಳೂ ಇವೆಯಾ?

ದೊಡ್ಡಮ್ಮ ಎದ್ದು ಕ್ಲಚ್ ಹಿಡಿದಳು. ಒಮ್ಮೆ ಒತ್ತಿದಳು, ಬಿಟ್ಟಳು. ಹುಬ್ಬು ಗಂಟಾಯಿತು.

"ಯಾವ ಬುದ್ಧಿವಂತ ಇದನ್ನ ಮುಟ್ಟಿದ್ದು?"

"ಯಾಕೆ?" ಅಂದಳು ಅಮ್ಮ.

"ಕೇಬಲ್ಲು ತಂತಿ ಎಳೆದ ಹಾಗೆ ಕೂತಿದೆ! ನಿನ್ನ ಕೈ ಚಿಕ್ಕದು. ಇದರಲ್ಲಿ ಲಿವರ್ ನಿನ್ನ ಬೆರಳಿಗೆ ಎಟುಕದಷ್ಟು ದೂರ ಹೋದ ಮೇಲೆ ಗಾಡಿ ಎಳೆಯೋದು. ಹೋಗ್ತಿಲ್ಲ ಅಂತ ನೀನು ಆಕ್ಸಿಲರೇಟರ್ ತಿರುಗಿಸ್ತೀಯ, ಅದು ಒಮ್ಮೆಗೇ ಜಿಗಿಯುತ್ತೆ. ಬೀಳದೆ ಇನ್ನೇನು?"

"ಮೊದಲು ಹಾಗಿರಲಿಲ್ಲಪ್ಪ. ನಾನೇ ಏನೋ ತಪ್ಪು ಮಾಡ್ತಿದ್ದೀನಿ ಅಂದ್ಕೊಂಡೆ."

ನಾನೇ ಏನೋ ತಪ್ಪು ಮಾಡ್ತಿದ್ದೀನಿ. ಆ ಮಾತು ಕೇಳಿ ಬಿಗಿಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ನಾನು," ಅಂದಳು. ಮತ್ತೆ ಹೇಳಿದಳು. "ನಾನು ತಿರುಗಿಸಿದ್ದು. ಲೂಸ್ ಇತ್ತು ಅಂತ. ನೀನು ಬೀಳಬಾರದು ಅಂತ ಬಿಗಿ ಮಾಡಿದೆ ಅಮ್ಮಾ..."

ಮುಂದಿನದೆಲ್ಲ ಅಳುವೇ ಆಯಿತು.

"ಬಿಗಿಯಮ್ಮಾ!" ದೊಡ್ಡಮ್ಮ ಗುಡುಗಿದಳು. "ಕ್ಲಚ್ ಏನು ಕುಕ್ಕರ್ ಹಿಡಿಯಾ? ಇದು ಜೀವದ ಪ್ರಶ್ನೆ! ಗೊತ್ತಿಲ್ಲದ್ದನ್ನ ಮುಟ್ಟೋದಾ? ಮುಟ್ಟಿದ್ದನ್ನ ಹೇಳದೇ ಇರೋದಾ?"

ಅಮ್ಮ ಮೊಣಕಾಲೂರಿ ಕೂತು ಮಗಳ ಮುಖವನ್ನು ಅಂಗೈಯಿಂದ ಒರೆಸಿದಳು.

"ಮಂಗಳವಾರದಿಂದ ಇದನ್ನ ಹೊಟ್ಟೇಲಿಟ್ಕೊಂಡಿದ್ಯಾ? ಅದಕ್ಕೇ ಊಟ ಸೇರ್ತಿರಲಿಲ್ವಾ?"

ಬಿಗಿಯಮ್ಮ ತಲೆ ಆಡಿಸಿದಳು.

"ಸಾಕು ಸಾಕು," ದೊಡ್ಡಮ್ಮ ಗೊಣಗಿದಳು. ದನಿ ಅರ್ಧ ಇಳಿದಿತ್ತು. "ಅರ್ಧ ತಪ್ಪು ಇವಳದು, ಉಳಿದರ್ಧ ನಿನ್ನ ಚಪ್ಪಲಿದು, ತಲೆ ಮೇಲಿನ ಆ ಕೊಡದ್ದು. ಬಾರೇ ಇಲ್ಲಿ. ಬಿಗಿ ಮಾಡಿದ ಕೈನೇ ಸಡಿಲ ಮಾಡಲಿ."

ಬಿಗಿಯಮ್ಮ ಮೂಗೊರೆಸಿಕೊಂಡು ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿದಳು. ಲಿವರಿನ ತುದಿ ಸ್ವಲ್ಪ ಸ್ವಲ್ಪವೇ ಆಡತೊಡಗಿತು.

"ಎಷ್ಟು ದೊಡ್ಡಮ್ಮಾ?"

"ತುದೀಲಿ ನನ್ನ ಬೆರಳಿಗೆ ಒಂದು, ನಿನ್ನ ಬೆರಳಿಗೆ ಎರಡು."

ಬಿಗಿಯಮ್ಮ ತನ್ನ ಎರಡು ಬೆರಳು ಹಿಡಿದು ಅಳೆದಳು. ದೊಡ್ಡಮ್ಮ ಒಮ್ಮೆ ಒತ್ತಿ ನೋಡಿ, "ಹ್ಞೂಂ," ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆ ಸಂಜೆ ಅಮ್ಮ ದೊಡ್ಡಮ್ಮನ ಹೆಲ್ಮೆಟ್ಟು, ದೊಡ್ಡಮ್ಮನ ಶೂ ಹಾಕಿಕೊಂಡು ಮೈದಾನದಲ್ಲಿ ಹದಿನಾಲ್ಕು ಸುತ್ತು ಹೊಡೆದಳು. ಎರಡು ಸಲ ಗಾಡಿ ಆಫ್ ಆಯಿತು. ಬೀಳಲಿಲ್ಲ. ಎಡಗಾಲು ಪೂರ್ತಿ ಊರಿ ನಿಂತು, ಮತ್ತೆ ಸ್ಟಾರ್ಟ್ ಮಾಡಿದಳು. ಭಾನುವಾರ ಹೊಸ ಹೆಲ್ಮೆಟ್ ಬಂತು, ಕೆನ್ನೆ ಒತ್ತುವಂಥದ್ದು. ಕಪಾಟಿನ ಮೇಲಿದ್ದ ಕೀ ಮತ್ತೆ ಬಾಗಿಲ ಪಕ್ಕದ ಮೊಳೆಗೆ ಬಂತು.

ಸೋಮವಾರ ಬೆಳಿಗ್ಗೆ ಬಿಗಿಯಮ್ಮ ತನ್ನ ಪುಟ್ಟ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತಳು. ಎರಡೂ ಕೈಯಿಂದ ಅಮ್ಮನ ಸೊಂಟವನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಇನ್ನು ಅಮ್ಮ ಬೀಳುವುದೇ ಸಾಧ್ಯವಿಲ್ಲ, ಅಷ್ಟು ಗಟ್ಟಿಯಾಗಿ.

ಗಾಡಿ ಬೀದಿ ದಾಟಿತು. ಮುಂದೆ ಸ್ಕೂಲಿನ ತಿರುವು ಕಾಣಿಸಿತು.

"ಪುಟ್ಟಾ," ಅಮ್ಮ ಕೂಗಿದಳು, "ಉಸಿರಾಡೋಕೆ ಬಿಡೇ! ಹೀಗೆ ಹಿಡಿದರೆ ನಾನು ಹೇಗೆ ತಿರುಗಿಸಲಿ?"

ಬಿಗಿಯಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಬೆರಳ ಗೆಣ್ಣುಗಳು ಬಿಳಿಚಿಹೋಗಿದ್ದವು.

ಮೆಲ್ಲಗೆ ಸಡಿಲಿಸಿದಳು. ಬಿಡಲಿಲ್ಲ, ಸಡಿಲಿಸಿದಳು. ಎರಡು ಬೆರಳಿನಷ್ಟು.

ಅವಳ ಅಂಗೈ ಕೆಳಗೆ ಅಮ್ಮನ ಹೊಟ್ಟೆ ಒಮ್ಮೆ ಉಬ್ಬಿ ಇಳಿಯಿತು. ಗಾಡಿ ಒಂಚೂರು ವಾಲಿತು, ಅಮ್ಮನ ಜೊತೆ ಬಿಗಿಯಮ್ಮನೂ ವಾಲಿದಳು, ತಿರುವು ಸಲೀಸಾಗಿ ಹಿಂದೆ ಸರಿಯಿತು.

ಮುಂದೆ ಸ್ಕೂಲ್ ಗೇಟು. ಬಡಬಡಿ ಬಾಯಿ ತೆರೆದು ನಿಂತಿದ್ದ.