ಖಾಲಿ ಎಂದ ಮಿನಿಡಿಸ್ಕ್

"ನನ್ನ ಯಜಮಾನರ ದನೀನ ಅಳಿಸಿಹಾಕಿದ್ದಾಳೆ ರೀ!"

ಕಯೋಕೊ ಅಜ್ಜಿ ಕ್ಷೌರದಂಗಡಿಗೆ ನುಗ್ಗಿ ಹೀಗೆಂದಾಗ ಮೋರಿಯೊನ ಕತ್ತಿ ಕುವಾನಾನ ಗಲ್ಲದ ಮೇಲೇ ನಿಂತಿತು. ಒಸಾಕಾದ ಆ ಅಂಗಡಿಬೀದಿಯಲ್ಲಿ ಇನ್ನೂ ಶಟರ್ ಎಳೆಯದೆ ಉಳಿದದ್ದು ಮೋರಿಯೊನ ಅಂಗಡಿ ಒಂದೇ. ರೇಡಿಯೊ ರಿಪೇರಿಯ ಕುವಾನಾ ತನ್ನ ಅಂಗಡಿ ಮುಚ್ಚಿದ ಮೇಲೆ ನೆರೆಹೊರೆಯವರ ಒಗಟು ಬಿಡಿಸುತ್ತ ಕಾಲ ಕಳೆಯುತ್ತಿದ್ದ. ಮೋರಿಯೊ ಅವನ ಬಾಲ. ಹೆಂಡತಿ ಸತ್ತಮೇಲೆ ಮೋರಿಯೊಗೆ ಮಾತಿಗೆಂದು ಸಿಗುತ್ತಿದ್ದವನು ಕುವಾನಾ ಒಬ್ಬನೇ.

"ಯಾರಮ್ಮ ಅಳಿಸಿದ್ದು?" ಎಂದ ಕುವಾನಾ.

"ಇನ್ಯಾರು? ಸೊಸೆ ಚಿನಾತ್ಸು!"

ಅಜ್ಜಿಯ ಗಂಡ ಅಗ್ನಿಶಾಮಕ ದಳದಲ್ಲಿದ್ದವನು, ಸತ್ತು ಎರಡು ವರ್ಷ. ಅವನ ದನಿ ಉಳಿದಿದ್ದದ್ದು ಮನೆಯ ಹಳೇ ಟೆಲಿಫೋನಿನ ಸಂದೇಶದ ಟೇಪಿನಲ್ಲಿ ಮಾತ್ರ. ಟೇಪು ಸವೆಯುತ್ತಿದೆಯೆಂದು ಅಜ್ಜಿ ಅದನ್ನು ಗಂಡನ ಧ್ವನಿಮುದ್ರಣ ಯಂತ್ರದಲ್ಲಿ ಮಿನಿಡಿಸ್ಕ್ ಎಂಬ ಪುಟ್ಟ ತಟ್ಟೆಗೆ ಇಳಿಸಿಕೊಂಡಿದ್ದಳು.

"ಇದು ನೂರು ವರ್ಷ ಬಾಳತ್ತೆ ಅಂತಿದ್ರು. ಅದನ್ನ ನಂಬಿ ಟೆಲಿಫೋನ್ನ ಕಸದವರಿಗೆ ಕೊಟ್ಬಿಟ್ಟೆ. ಸ್ಮರಣೆಯ ದಿನ ಎಲ್ಲರ ಮುಂದೆ ಹಾಕಿದ್ರೆ, ಖಾಲಿ ಅಂತ ತೋರಿಸ್ತು! ಇಳಿಸಿಟ್ಟ ಮೇಲೆ ನಾನಿಲ್ಲದಾಗ ಮನೇಲಿದ್ದೋಳು ಅವಳೊಬ್ಬಳೇ. ನಾದಿನಿ ರಿತ್ಸೂನೂ ಅವಳೇ ಅಂದ್ಲು."

"ಸೊಸೆ ಏನಂದ್ಲು?"

"ಎದ್ದು ಹೊರಟುಹೋದ್ಲು. ತಪ್ಪದೆ ಪ್ರತಿ ಗುರುವಾರ ಬರೋಳು, ಎರಡು ವಾರದಿಂದ ಇಲ್ಲ." ಅಜ್ಜಿಯ ದನಿ ತಗ್ಗಿತು. ಮಗ ವರ್ಷದ ಹತ್ತು ತಿಂಗಳು ಹಡಗಿನಲ್ಲಿರುತ್ತಿದ್ದ. ಸೊಸೆ ಬಿಟ್ಟರೆ ಅವಳ ಬಾಗಿಲು ತಟ್ಟುವವರಿರಲಿಲ್ಲ.

ಮೋರಿಯೊ ಕತ್ತಿ ಒರೆಸಿ ಕೆಳಗಿಟ್ಟ. ಅವನ ಹತ್ತಿರ ಹೆಂಡತಿಯ ಒಂದು ಕೆಮ್ಮೂ ಉಳಿದಿರಲಿಲ್ಲ.

ಇಬ್ಬರೂ ಅಜ್ಜಿಯ ಜೊತೆ ಅವಳ ನಾಲ್ಕನೇ ಮಹಡಿಯ ಮನೆಗೆ ಹತ್ತಿದರು. ಕುವಾನಾ ಮಿನಿಡಿಸ್ಕನ್ನು ಬೆಳಕಿಗೆ ಹಿಡಿದ. ಅಂಚಿನ ಪುಟ್ಟ ಜಾರುಗುಂಡಿಯ ಬೀಗ ಹಾಕಿತ್ತು, ಅದರ ಮೇಲೆ ಹೂವಿನ ಚಿತ್ರದ ಕಾಗದದ ಚೀಟಿ ಅಂಟಿತ್ತು.

"ಇದನ್ನ ಅಂಟಿಸಿದ್ಯಾವಾಗ?"

"ಇಳಿಸಿದ ಮಾರನೇ ಬೆಳಿಗ್ಗೆ, ಯಂತ್ರದಿಂದ ಹೊರಗೆ ತೆಗೆದ ಕೂಡಲೇ. ಹಿಂದಿನ ಸಂಜೆ ಇಳಿಸೋದು ಮುಗೀತಿದ್ದ ಹಾಗೇ ಪಕ್ಕದ ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿದ್ದೆ."

ಚೀಟಿಯ ಅಂಚು ಒಂದಿಷ್ಟೂ ಎದ್ದಿರಲಿಲ್ಲ. ಕುವಾನಾ ಮನೆಯೆಲ್ಲ ಸುತ್ತಿದ. ಅನ್ನದ ಕುಕ್ಕರು, ಟೀವಿ, ದೀಪ, ಯಂತ್ರ, ಒಂದರ ಪ್ಲಗ್ಗೂ ಗೋಡೆಯಲ್ಲಿರಲಿಲ್ಲ. ಮಿನಿಡಿಸ್ಕನ್ನೂ ಯಂತ್ರವನ್ನೂ ಹೊತ್ತು ಹೊರಟ.

"ಭಾನುವಾರ ಎಲ್ಲರನ್ನೂ ಕರೀರಿ. ಸೊಸೆಗೆ ನಾನೇ ಹೇಳ್ತೀನಿ."

ಭಾನುವಾರ ಚಿನಾತ್ಸು ಬಂದಳು, ಕೋಟು ಬಿಚ್ಚಲಿಲ್ಲ. ರಿತ್ಸು ಆಗಲೇ ಚಹಾ ಕುಡಿಯುತ್ತ ಕೂತಿದ್ದಳು.

"ಕಳ್ಳಿ ಸಿಕ್ಕಿಬಿದ್ಲಾ?" ಎಂದಳು ರಿತ್ಸು.

"ಚಹಾ ಆರತ್ತೆ, ಕುಡೀರಮ್ಮ," ಎಂದ ಕುವಾನಾ. "ಮಿನಿಡಿಸ್ಕಿಗೆ ಬೀಗ ಹಾಕಿದ್ರೆ ಯಾರೂ ಅಳಿಸೋಕಾಗಲ್ಲ. ಬೀಗದ ಮೇಲಿನ ಚೀಟಿ ಯಾರೂ ಮುಟ್ಟಿರಲಿಲ್ಲ. ಅಂದ್ರೆ ಕೆಟ್ಟದ್ದು ಅದನ್ನ ಅಂಟಿಸೋ ಮುಂಚೆ. ಇಳಿಸಿದ ಆ ಸಂಜೆ ಇಲ್ಲಿದ್ದದ್ದು ಕಯೋಕೊ ಅವರೊಬ್ಬರೇ."

"ನಾನೇ ಅಳಿಸಿದ್ನಾ?" ಅಜ್ಜಿ ಬೆಚ್ಚಿದಳು.

"ಯಾರೂ ಅಳಿಸಿಲ್ಲ. ಈ ಯಂತ್ರ ದನಿಯನ್ನ ಆಗಿಂದಾಗ್ಗೆ ಬರ್ಕೊಳ್ಳತ್ತೆ. ಎಲ್ಲೆಲ್ಲಿ ಏನಿದೆ ಅನ್ನೋ ಪಟ್ಟೀನ ಮಾತ್ರ ಮಿನಿಡಿಸ್ಕ್ ಹೊರಗೆ ತೆಗೆಯುವಾಗ ಬರೆಯತ್ತೆ. ಅದಕ್ಕೆ ಮುಂಚೆ, ಸ್ನಾನಕ್ಕೆ ಹೊರಡೋವಾಗ, ನೀವು ಪ್ಲಗ್ ಕಿತ್ರಿ. ದನಿ ಉಳೀತು, ಪಟ್ಟಿ ಉಳೀಲಿಲ್ಲ. ಪಟ್ಟಿ ಕಾಣದ ಯಂತ್ರ ಖಾಲಿ ಅಂದ್ಬಿಡ್ತು. ನಲವತ್ತು ವರ್ಷ ರೇಡಿಯೊ, ಟೇಪು ಅಂತ ರಿಪೇರಿ ಮಾಡಿದವನಿಗೆ ಮಾತ್ರ ಗೊತ್ತಿರೋ ಕರ್ಮ ಇದು."

"ಹಾಗಾದ್ರೆ ಅವರ ದನಿ..."

"ಚೀಟಿ ಕಿತ್ತು ಬೀಗ ತೆಗೆದೆ. ಯಂತ್ರದ ಮುಚ್ಚಳ ಬಿಚ್ಚಿ, ಬೇರೆ ಮಿನಿಡಿಸ್ಕಿನ ಪಟ್ಟಿ ಓದಿಸಿ, ಅದರ ಕಣ್ತಪ್ಪಿಸಿ ನಿಮ್ಮದನ್ನ ಒಳಗಿಟ್ಟೆ. ಮಂಕು ಯಂತ್ರ, ಆ ಪಟ್ಟೀನೇ ಇದರ ಮೇಲೆ ಬರೀತು."

ಗುಂಡಿ ಒತ್ತಿದ. ಸ್ವಲ್ಪ ಗರಗರ, ಆಮೇಲೆ ಒರಟಾದ ಗಂಡು ದನಿ: "ಕಯೋ, ಇವತ್ತು ಠಾಣೇಲೇ ಇರ್ತೀನಿ. ಕಾಯ್ಬೇಡ, ಊಟ ಮಾಡು. ಎಲ್ಲಾದರೂ ಹೋಗೋದಾದ್ರೆ ಎಲ್ಲಾ ಪ್ಲಗ್ ಕಿತ್ತಿಟ್ಟು ಹೋಗೇ, ಮರೀಬೇಡ."

ಮದುವೆಯಾದಂದಿನಿಂದ ಆ ಬೆಂಕಿ ಆರಿಸುವವನ ಮಾತು ಮೀರದ ಹೆಂಗಸು, ಆ ಸಂಜೆಯೂ ಮೀರಿರಲಿಲ್ಲ. ಮೋರಿಯೊ ಕಣ್ಣೊರೆಸಿಕೊಂಡ. ರಿತ್ಸು ಚಹಾದ ಬಟ್ಟಲನ್ನೇ ನೋಡುತ್ತಿದ್ದಳು.

ಕಯೋಕೊ ಅಜ್ಜಿ ಸೊಸೆಯ ಕಡೆ ತಿರುಗಿ ಚಾಪೆಗೆ ಹಣೆ ತಾಕಿಸಿದಳು. "ತಪ್ಪಾಯ್ತಮ್ಮ, ಚಿನಾತ್ಸು."

ಚಿನಾತ್ಸು ಅವಳನ್ನು ಎಬ್ಬಿಸಲಿಲ್ಲ. "ಮಾವನ ದನಿ ಸಿಗದೇ ಹೋಗಿದ್ರೆ ಈ ಮಾತು ಹೇಳ್ತಿದ್ರಾ ಅತ್ತೆ?"

ಉತ್ತರಕ್ಕೆ ಕಾಯದೆ ಚಿನಾತ್ಸು ತಲೆಬಾಗಿ ವಂದಿಸಿ, ಬೂಟು ಮೆಟ್ಟಿಕೊಂಡು ಹೊರಟುಹೋದಳು.

"ಇನ್ನೊಂದು ಸಲ ಕೇಳಿಸ್ಲಾ?" ಎಂದು ಕುವಾನಾ ಗುಂಡಿಯ ಕಡೆ ಕೈ ಚಾಚಿದ.

"ಬೇಡಪ್ಪ. ಅವರು ಇಲ್ಲೇ ಇರ್ತಾರೆ. ಅವಳು ಬಸ್ ಹತ್ತಿಬಿಡ್ತಾಳೆ."

ಗೋಡೆ ಹಿಡಿದು ಎದ್ದ ಅಜ್ಜಿ ಮನೆಯ ಚಪ್ಪಲಿಯಲ್ಲೇ ಬಾಗಿಲು ದಾಟಿದಳು. ಮೋರಿಯೊ ಆಸರೆ ಕೊಡಲು ಓಡಿದರೆ ಅವನ ಕೈ ತಳ್ಳಿ, ನೋವಿನ ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸುತ್ತ, ಸೊಸೆಯ ಹೆಸರು ಕೂಗುತ್ತ ಹೋದಳು.