ಗ್ರೀಸು ಮೆತ್ತಿದ ಪಾದ

"ತುಳೀರಿ ಮತ್ತೆ, ಏನ್ ನೋಡ್ಕಂಡ್ ನಿಂತಿದ್ದೀರ?"

ಚಾಪೆ ಮೇಲೆ ಬೋರಲು ಮಲಗಿದ್ದ ಪವಿತ್ರ ಹಲ್ಲು ಕಚ್ಚಿಕೊಂಡೇ ಗದರಿದಳು. ನಿಂತಿದ್ದವನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಕಂಡದ್ದು ಗ್ರೀಸು ಮೆತ್ತಿದ ಒಂದು ಪಾದ ಮಾತ್ರ.

ಹುಟ್ಟುವಾಗ ಕಾಲು ಮುಂದಾಗಿ ಬಂದವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಅಂತ ಊರಿನ ನಂಬಿಕೆ. ಹಾಗೆ ಹುಟ್ಟಿದ ತಪ್ಪಿಗೆ, ಪಕ್ಕದ ಕಿಕ್ಕೇರಿಯ ಟ್ರಾಕ್ಟರು ಮೆಕ್ಯಾನಿಕ್ ಸಿದ್ದೇಶನನ್ನು ಕಂಡಕಂಡವರೆಲ್ಲ ಎಳೆದೊಯ್ಯುತ್ತಿದ್ದರು. ಇವತ್ತು ಎಳೆತಂದವಳು ಪವಿತ್ರಳ ಅಜ್ಜಿ ಚಿಕ್ಕಬೋರಮ್ಮ.

ಅವನು ಪಾದ ಇಟ್ಟ. ಭಾರ ಮಾತ್ರ ಬಿಡಲಿಲ್ಲ.

"ನೋವಾಯ್ತದೇನ್ರಿ?"

ವರ್ಷಗಟ್ಟಲೆ ಡೈರಿಯ ಹಾಲಿನ ಕ್ಯಾನು ಎತ್ತಿದ ಬೆನ್ನು ಅದು. ನೋವಾ ಅಂತ ಕೇಳಿದವನು ಇವನೊಬ್ಬನೇ... ಪವಿತ್ರಳಿಗೆ ಅಳು ಬಂತು. ನೋವಿಗಲ್ಲ.

ಆಮೇಲೆ ಅವನು ಕರೆಯದೆಯೂ ಬಂದ. ಸಂಜೆಯಾದರೆ ಡೈರಿ ಮುಂದೆ ಅವನ ಬೈಕು. ಇವಳು ಮುಟ್ಟುವ ಮೊದಲೇ ಕ್ಯಾನು ಅವನ ಕೈಯಲ್ಲಿ. ಊರು ಆಡಿಕೊಂಡಿತು, ಇಬ್ಬರೂ ಕ್ಯಾರೇ ಅನ್ನಲಿಲ್ಲ.

ನೋವು ಮರುಕಳಿಸಿದಾಗ ಅಜ್ಜಿ ಹಠ ಹಿಡಿದಳು. "ಈ ಸಲ ಗಟ್ಟಿಯಾಗಿ ತುಳಿ ಕಣಪ್ಪ."

ಸಿದ್ದೇಶ ತುಳಿದ. ಮಾರನೇ ಬೆಳಗ್ಗೆ ಪವಿತ್ರಳ ಎಡಗಾಲು ಮರಗಟ್ಟಿತ್ತು, ಒಳಗೆ ಒಂದೇ ಉರಿ.

ಸುದ್ದಿ ಕೇಳಿದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಫೋನೂ ಎತ್ತಲಿಲ್ಲ.

'ಕುಂಟಿ ಬೇಡವಾದಳಾ ಅವನಿಗೆ? ಹೋಗಲಿ...' ಅಂದುಕೊಂಡಳು. ದಿಂಬು ಮಾತ್ರ ಒದ್ದೆಯಾಗಿತ್ತು.

ಮೈಸೂರಿನ ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿದರು. "ಡಿಸ್ಕ್ ಜಾರಿ ನರ ಒತ್ತುತ್ತಿದೆ. ಬೆನ್ನಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಇರೋ ಕೊಳವೆಯಿಂದ ಆ ಚೂರನ್ನ ತೆಗೀತೀವಿ. ನೀನು ಎಚ್ಚರವಾಗೇ ಇರ್ತೀಯ."

"ಬ್ಯಾಡ ಕಣವ್ವ, ಬೆನ್ನು ಕುಯ್ಸ್‌ಕಂಡೋಳ್ನ ಯಾರು ಮದ್ವೆ ಆಯ್ತಾರೆ?" ಅಜ್ಜಿ ಸೆರಗು ಕಣ್ಣಿಗೊತ್ತಿಕೊಂಡಳು.

"ಆಗ್ದಿದ್ರೆ ಬುಡ್ಲಿ. ಬೆನ್ನು ನಂದು, ನಾನು ನಡೀಬೇಕು."

ಪವಿತ್ರ ತಾನೇ ಸಹಿ ಹಾಕಿದಳು.

ಆಪರೇಷನ್ ನಡೆಯುತ್ತಿದ್ದಂತೆಯೇ ಡಾಕ್ಟರಮ್ಮ ಕೇಳಿದರು, "ಕಾಲು ಹೇಗಿದೆ?" ತಿಂಗಳಿಂದ ಉರಿಯುತ್ತಿದ್ದ ಕಾಲು ತಣ್ಣಗಾಗಿತ್ತು. ಪವಿತ್ರ ಅತ್ತುಬಿಟ್ಟಳು.

ವಾರ್ಡಿನಲ್ಲಿ ಅಜ್ಜಿ ಶಾಪ ಹಾಕುತ್ತಿದ್ದಳು. "ಆ ಮೆಕ್ಯಾನಿಕ್ಕು ತುಳ್ದೇ ಇಂಗಾಗಿದ್ದು."

"ಅಲ್ಲಮ್ಮ. ಭಾರ ಎತ್ತಿ ಎತ್ತಿ ಡಿಸ್ಕ್ ಮೊದಲೇ ಹಾಳಾಗಿತ್ತು" ಅಂದರು ಡಾಕ್ಟರಮ್ಮ. "ಆದ್ರೆ ಇನ್ಯಾರ ಕೈಲೂ ತುಳಿಸಬೇಡಿ."

ಪವಿತ್ರಳಿಗೆ ಆಗ ಹೊಳೆಯಿತು. 'ತಾನು ತುಳಿದೇ ಹೀಗಾಯ್ತು ಅಂತ ಅವನೂ ಅಂದುಕೊಂಡನಾ?'

ನಡೆಯಬಹುದು ಅಂತ ಡಾಕ್ಟರಮ್ಮ ಹೇಳಿದ್ದೇ ತಡ, ಪವಿತ್ರ ಊರಿಂದ ಕಿಕ್ಕೇರಿಗೆ, ಅವನ ಶೆಡ್ಡಿಗೆ ನಡೆದೇ ಬಂದಳು. ಟ್ರಾಕ್ಟರಿನ ಅಡಿ ಮಲಗಿದ್ದ ಸಿದ್ದೇಶನಿಗೆ ಮೊದಲು ಕಂಡದ್ದು ಎರಡು ಪಾದ. ಎಡಗಾಲಿನ ಬೆರಳು ಸಿಟ್ಟಿಗೆ ನೆಲ ತಟ್ಟುತ್ತಿತ್ತು. ಅವನ ಕೈಯಿಂದ ಸ್ಪ್ಯಾನರ್ ಬಿತ್ತು.

"ಯಾಕೆ ಓಡೋದೆ?"

"ನಿನ್ ಕಾಲು ಕಳ್ದೋನು ನಾನು. ಯಾವ್ ಮುಖ ಇಟ್ಕಂಡು ಬರ್ಲಿ ಪವಿ?" ಹೊರಗೆ ಬಂದವನ ಕಣ್ಣು ತುಂಬಿತ್ತು.

"ನನ್ ಕಾಲು ಕಳ್ದಿದ್ದು ಆಲಿನ ಕ್ಯಾನು, ಡಾಕ್ಟ್ರೇ ಏಳಿದ್ರು. ನಿಂದು ಒಂದೇ ತಪ್ಪು. ಫೋನ್ ಎತ್ಲಿಲ್ಲ."

"ಇನ್ ಯಾರ್ ಬೆನ್ನೂ ತುಳಿಯಾಕಿಲ್ಲ... ನೀನಿಲ್ದೆ ನಂಗೂ ಆಗಾಕಿಲ್ಲ."

ಪವಿತ್ರ ಅವನ ಗ್ರೀಸು ಕೈ ಹಿಡಿದಳು. "ಬಾ. ನನ್ನ ಯಾರು ಮದ್ವೆ ಆಯ್ತಾರೆ ಅಂತ ಅಜ್ಜಿ ಕೇಳ್ತಾವ್ಳೆ. ನೀನೇ ಉತ್ರ ಏಳು."

ಅವನು ಬೈಕಿನ ಕೀ ಹುಡುಕಿದ.

"ಬೈಕು ಬ್ಯಾಡ" ಅಂದಳು. "ನಡ್ಕಂಡೇ ಓಗಾಣ. ಊರು ನೋಡ್ಲಿ."