ಒಡೆಯದ ಬಳೆ

ಹುಕ್ಕೇರಿಯ ಶಾಲೆಯಲ್ಲಿ ಟೀಚರಾಗಿದ್ದ ಕಸ್ತೂರಿ ಊರಿಗೆ ಬಂದು ಮೇಲವಂಕಿಯ ಮನೆಯೊಳಗೆ ಕಾಲಿಟ್ಟಾಗ ಅವಳ ಅವ್ವ ರಾಯವ್ವ ಒಲೆಯ ಮುಂದೆ ಕೂತಿದ್ದಳು. ಎದುರಿಗೆ ಒಂದು ತಾಟಿನ ತುಂಬ ಹಸಿರು ಗಾಜಿನ ಬಳೆ. ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು, ಅಂದಿನಿಂದ ಅವ್ವನ ಮುಂಗೈ ಬರಿದು.

ಬಳೆ ತಂದವನು ಪಕ್ಕದಲ್ಲೇ ನಿಂತಿದ್ದ ಭೀಮಶಿ. ಮೂಡಲಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಮದುವೆ ವಿಡಿಯೋ ಮಾಡುತ್ತಲೇ ಸಿನಿಮಾ ಹುಚ್ಚು ಹಚ್ಚಿಕೊಂಡವನು. ಅವನ ಮೊದಲ ಕಿರುಚಿತ್ರಕ್ಕೆ ರಾಯವ್ವನೇ ನಾಯಕಿ. ಹೋದ ತಿಂಗಳು ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕಸ್ತೂರಿಯನ್ನು, "ನನ್ನ ಮದಿವಿ ಆಗ್ತೀರೇನ್ರಿ ಟೀಚರ?" ಎಂದು ಕೇಳಿಯೇಬಿಟ್ಟಿದ್ದ.

"ಮದಲ ನಿಮ್ಮ ಶೂಟಿಂಗ್ ಮುಗೀಲಿ," ಎಂದು ನಕ್ಕು ಅವಳು ಬಸ್ಸು ಹತ್ತಿದ್ದಳು. ಉತ್ತರ ಮಾತ್ರ ಆಗಲೇ ಮನಸ್ಸಿನಲ್ಲಿ ತಯಾರಿತ್ತು.

ಈಗ ತಾಟಿನ ಬಳೆ ನೋಡಿ ಆ ಉತ್ತರವೇ ಕಹಿಯಾಯಿತು.

"ಈ ಬಳಿ ಯಾಕ್ರಿ?" ಎಂದು ಅವನನ್ನು ಕೇಳಿದಳು.

"ಗಂಡ ಸತ್ತ ಸುದ್ದಿ ಬರೋ ಸೀನ್ ಐತ್ರಿ. ಬಳಿ ಒಡ್ಯೂದು ಕ್ಲೋಸಪ್‌ನ್ಯಾಗ..." ಭೀಮಶಿಯ ಕೈಯಲ್ಲಿ ಕಣ್ಣೀರು ಬರಿಸುವ ಗ್ಲಿಸರಿನ್ ಬಾಟಲಿಯೂ ಇತ್ತು.

"ನಮ್ಮವ್ವಂದು ಒಮ್ಮಿ ಒಡದಾರ. ಅವತ್ತ ಮಂದಿ ನೋಡಿದ್ದು ಸಾಲಲಿಲ್ಲೇನು?"

ಅವನ ಮುಖ ಸಪ್ಪಗಾಯಿತು. ವಾದಕ್ಕಿಳಿಯಲಿಲ್ಲ. ಬಾಟಲಿ ಬ್ಯಾಗಿಗೆ ಹಾಕಿ, ರಾಯವ್ವನ ಎದುರು ನೆಲದ ಮೇಲೆ ಕೂತ.

"ತಪ್ಪಾತ್ರಿ ಅವ್ವಾರ. ಎಲ್ಲಾ ಸಿನಿಮಾದಾಗ ಹಿಂಗ ಇರ್ತೈತಿ ಅಂತ ಬರದಬಿಟ್ಟೆ. ನಿಮ್ಮನ್ನ ಒಂದ ಮಾತು ಕೇಳಲಿಲ್ಲ. ಈ ಸೀನ್ ಬ್ಯಾಡ ಬಿಡ್ರಿ."

ರಾಯವ್ವ ಬಳೆಗಳ ಮೇಲೆ ಬೆರಳಾಡಿಸಿದಳು.

"ಸೀನ್ ಇರ್ಲಿ. ಅವತ್ತ ಸುದ್ದಿ ಬಂದಾಗ ನಾ ರೊಟ್ಟಿ ಬಡ್ಯಾಕತ್ತಿದ್ದೆ. ಅಳು ಬರಲಿಲ್ಲೋ ತಮ್ಮಾ. ಹಂಚಿನ ಮ್ಯಾಲಿಂದು ಹೊತ್ತೀತಂತ ತಿರುವಿ ಹಾಕಿದೆ. ಅವರಿಗೆ ಹೊತ್ತಿದ ರೊಟ್ಟಿ ಸೇರ್ತಿರಲಿಲ್ಲ."

ಈ ಮಾತನ್ನು ಅವ್ವ ಮಗಳ ಮುಂದೆಯೂ ಆಡಿರಲಿಲ್ಲ. ಮಗಳೂ ಕೇಳಿರಲಿಲ್ಲ.

"ಅಷ್ಟ ಮಾಡ್ರಿ, ಸಾಕು," ಎಂದ ಭೀಮಶಿ ಮೆಲ್ಲಗೆ. "ನಾ ನಿಮ್ಮ ಹಿಂದ ನಿಂದರ್ತೇನಿ. ಮಾರಿ ತೋರ್ಸೂದಿಲ್ಲ."

ರಾಯವ್ವ ಮಗಳತ್ತ ಕೈ ಚಾಚಿದಳು. "ಬಳಿ ಇಡವಾ. ಒಡ್ಯಾಕ ಮಾತ್ರ ಯಾರಿಗೂ ಕೊಡೂದಿಲ್ಲ." ಕಸ್ತೂರಿ ಒಂದೊಂದೇ ಬಳೆ ತೊಡಿಸಿದಳು.

ಕ್ಯಾಮೆರಾ ಶುರುವಾಯಿತು. ಜೋಳದ ರೊಟ್ಟಿಯ ಬಡಿತದೊಂದಿಗೆ ಬಳೆಗಳ ಸದ್ದು. ಬಾಗಿಲಾಚೆಯಿಂದ ಭೀಮಶಿಯ ಗೆಳೆಯ ಸತ್ತೆಪ್ಪ ಸುದ್ದಿಯ ಎರಡೇ ಮಾತು ಹೇಳಿದ. ಬಳೆ ಸದ್ದು ನಿಂತಿತು. ಹಿಟ್ಟಿನ ಮೇಲೆ ಕೈ ಹಾಗೇ ಉಳಿಯಿತು, ಬಹಳ ಹೊತ್ತು. ಆಮೇಲೆ ಆ ಕೈ ಎದ್ದು, ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿತು.

'ಕಟ್' ಅನ್ನುವವರೇ ಇಲ್ಲ. ಕಸ್ತೂರಿ ತಿರುಗಿ ನೋಡಿದರೆ ಭೀಮಶಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಗ್ಲಿಸರಿನ್ ನೀವ ಹಚ್ಕೊಂಡೀರೇನ್ರಿ?" ಎಂದಳು. ಅವಳ ಕಣ್ಣೂ ತುಂಬಿತ್ತು. ಅವ್ವನ ಆ ಒಂದು ಗಳಿಗೆಯನ್ನು ಇಷ್ಟು ಮರ್ಯಾದೆಯಿಂದ ಕಾದವನ ಋಣ ಹೇಗೆ ತೀರಿಸುವುದೋ ತಿಳಿಯಲಿಲ್ಲ.

ಕಸ್ತೂರಿ ಬಳೆ ತೆಗೆಯಲು ಹೋದರೆ ರಾಯವ್ವ ಕೈ ಹಿಂದಕ್ಕೆಳೆದುಕೊಂಡಳು. "ಇರ್ಲಿ ಬಿಡ," ಎಂದು ಬಿಸಿ ರೊಟ್ಟಿಯನ್ನು ಭೀಮಶಿಯ ತಾಟಿಗೆ ಹಾಕಿದಳು.

ಕಸ್ತೂರಿ ಅವನ ಬಾಜೂ ಬಂದು ಕೂತಳು. "ಶೂಟಿಂಗ್ ಮುಗೀತಲ್ರಿ?"

"ಮುಗೀತ್ರಿ." ತುತ್ತು ಅವನ ಕೈಯಲ್ಲೇ ನಿಂತಿತ್ತು.

"ಹಂಗಾದ್ರ ಬಳಿಗಾರಗ ಹೇಳಿ ಕಳಸ್ರಿ. ಮದಿವಿ ಬಳಿ ಇಡಸ್ಕೊಳ್ಳೂದೈತಿ. ನಾನೂ, ನಮ್ಮವ್ವನೂ."